ಆಸ್ಪತ್ರೆ ಬಿಲ್ಲು ಸರ್ಕಾರದ್ದು, ಮನೆ ಒಲೆ ಯಾರದ್ದು?

ಯಾರಾದರೂ ಹಾಸಿಗೆ ಹಿಡಿದರೆ ನಮ್ಮ ಊರಲ್ಲಿ ಈಗ ಮೊದಲು ಕೇಳೋ ಮಾತು, 'ಕಾರ್ಡ್ ಐತಾ?' ಅಂತ. ಬಿಪಿಎಲ್ ಮನೆಯಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸರ್ಕಾರದ ಲೆಕ್ಕಕ್ಕೆ. ಬಹಳ ಒಳ್ಳೇದು. ಆದರೆ ಮಲಗಿದವನೇ ಮನೆಗೆ ದುಡಿದು ಹಾಕುವವನಾದರೆ? ಆಪರೇಷನ್ ಪುಕ್ಕಟೆ ಆಗುತ್ತೆ, ಬಾಡಿಗೆ ಪುಕ್ಕಟೆ ಆಗೋದಿಲ್ಲ. ಡಾಕ್ಟರು 'ಒಂದೂವರೆ ತಿಂಗಳು ಭಾರ ಎತ್ತಬೇಡಪ್ಪಾ' ಅಂತ ಹೇಳಿ ಕಳಿಸುತ್ತಾರೆ. ಮಂಡಿಪೇಟೆಯ ಹಮಾಲಿ ಭಾರ ಎತ್ತದೆ ಒಂದೂವರೆ ತಿಂಗಳು ಏನು ತಿನ್ನಬೇಕು ಅನ್ನೋದನ್ನ ಆ ಚೀಟಿಯಲ್ಲಿ ಬರೆದಿರುವುದಿಲ್ಲ.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಇಲ್ಲವೇ ಇಲ್ಲ ಅಂತಲ್ಲ. 1948ರಲ್ಲೇ ಕಾನೂನು ಬಂತು, 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಗಳಲ್ಲಿ ಜಾರಿಯಾಯಿತು. ಅದೇ ಇಎಸ್ಐ. ದಾವಣಗೆರೆಯ ಹಳಬರಿಗೆ ಇದು ಹೊಸ ಹೆಸರಲ್ಲ. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ, ಇಎಸ್ಐ ಚೀಟಿ ಅಂದರೆ ಗಿರಣಿ ಕಾರ್ಮಿಕನ ಮನೆಮಾತು. ಗಿರಣಿಗಳು ಹೋದವು, ಇಎಸ್ಐ ಆಸ್ಪತ್ರೆ ಉಳಿಯಿತು. ಗಿರಣಿಯಲ್ಲಿ ದುಡಿದವರ ಮಕ್ಕಳು ಬಟ್ಟೆ ಅಂಗಡಿ, ಬೆಣ್ಣೆದೋಸೆ ಹೋಟೆಲು, ಮಂಡಕ್ಕಿ ಭಟ್ಟಿ, ಮೊಬೈಲ್ ಅಂಗಡಿಗಳಿಗೆ ಹಂಚಿಹೋದರು. ಅಪ್ಪನಿಗಿದ್ದ ರೋಗದ ಸಂಬಳ ಮಗನಿಗಿಲ್ಲ. ಹಿಂದಕ್ಕೆ ನಡೆದದ್ದು ಅಂದರೆ ಇದು.

ಇಎಸ್ಐ ಅಂದರೆ ಬರೀ ಮಾತ್ರೆ, ಟಾನಿಕ್ಕು ಅಂದುಕೊಂಡವರೇ ಜಾಸ್ತಿ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ದಿನಗೂಲಿಯ 70 ಪಾಲು ನಗದಾಗಿ, ವರ್ಷಕ್ಕೆ 91 ದಿನದ ತನಕ ಕೊಡುವುದೂ ಅದರಲ್ಲೇ ಇದೆ. ಮೊದಲ ಎರಡು ದಿನ ಬಿಟ್ಟು. ಇಎಸ್ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ಜ್ವರ ಬಿಟ್ಟು, ಕೆಲಸಕ್ಕೆ ಹತ್ತಿ, ಆಮೇಲೆ ನೆನಪಾಗಿ ಓಡಿದರೆ ಕಷ್ಟ.

ಹಣದ ಲೆಕ್ಕ ಅಂಗಡಿಯವರಿಗೆ ಚೆನ್ನಾಗಿ ತಿಳಿಯುತ್ತೆ, ಹಾಕೋಣ. ತಿಂಗಳಿಗೆ 15,000 ಸಂಬಳದ ಗುಮಾಸ್ತ. 2019ರ ಜುಲೈನಲ್ಲಿ ಇಳಿಸಿದ ದರದ ಪ್ರಕಾರ ಅವನ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 113. ಯಜಮಾನರದ್ದು ನೂರಕ್ಕೆ ಮೂರೂಕಾಲು, ಅಂದರೆ 488. ಎರಡೂ ಸೇರಿ 601 ರೂಪಾಯಿ. ಹುಡುಗ ಕಾಮಾಲೆಯಾಗಿ ಮಲಗಿದ ಅಂದುಕೊಳ್ಳಿ. ದಿನದ ಕೂಲಿ 500 ಅಂತ ಹಿಡಿದರೆ 350 ರೂಪಾಯಿ ಅವನ ಬ್ಯಾಂಕ್ ಖಾತೆಗೆ. 91 ದಿನಕ್ಕೆ 31,850. ಯಜಮಾನರ ಗಲ್ಲಾದಿಂದ ಒಂದು ಪೈಸೆ ಕೊಡಬೇಕಿಲ್ಲ, 'ಅಡ್ವಾನ್ಸ್ ಕೊಡಿ ಅಣ್ಣಾ' ಅಂತ ಅವನೂ ಕೈ ಒಡ್ಡಬೇಕಿಲ್ಲ. ಅಡ್ವಾನ್ಸ್ ಕೊಟ್ಟು ಆಮೇಲೆ ಆಳನ್ನೂ ದುಡ್ಡನ್ನೂ ಒಟ್ಟಿಗೆ ಕಳಕೊಂಡವರು ಚೌಕಿಪೇಟೆಯಲ್ಲಿ ಎಷ್ಟು ಮಂದಿ ಇಲ್ಲ!

ಹಾಗಾದರೆ ತೊಡಕೆಲ್ಲಿ? ಹತ್ತು ಜನ ಆಳುಗಳಿರುವ ಅಂಗಡಿಗೆ ಮಾತ್ರ ಇದು ಕಡ್ಡಾಯ. ನಮ್ಮ ಪೇಟೆಯಲ್ಲಿ ಒಂಬತ್ತನೇ ಆಳು ಬಂದ ಮೇಲೆ ಪುಸ್ತಕಕ್ಕೆ ಹತ್ತನೆಯವನು ಬರುವುದೇ ಇಲ್ಲ. ಅಂಗಡಿಗೆ ಬರುತ್ತಾನೆ, ಪುಸ್ತಕಕ್ಕೆ ಬರೋದಿಲ್ಲ! ಇನ್ನು ಹೆಸರು ಇದ್ದವರಿಗೂ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ತುಂಬಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿದ್ದರೆ ಮುಂದಿನ ಜನವರಿಯಿಂದ ಜೂನ್ ತನಕ ಹಕ್ಕು. ಹಾಜರಿ ಪುಸ್ತಕದಲ್ಲಿ ದಿನ ಕಡಿಮೆ ಬರೆದಿದ್ದರೆ ಅದು ಹುಡುಗನಿಗೆ ತಿಳಿಯುವುದು ಕಾಯಿಲೆ ಬಿದ್ದ ಮೇಲೇ.

ಅನ್ಯಾಯ ಎದ್ದು ಕಾಣೋದು ಕ್ಷಯದ ವಿಚಾರದಲ್ಲಿ. ಚಿಕಿತ್ಸೆಯೇ ಸಾಮಾನ್ಯವಾಗಿ ಆರು ತಿಂಗಳು. ಎರಡು ವರ್ಷ ಸರಿಯಾಗಿ ವಂತಿಗೆ ಕಟ್ಟಿಸಿಕೊಂಡ ಫ್ಯಾಕ್ಟರಿ ಕೆಲಸಗಾರನಿಗೆ ಕ್ಷಯ ಬಂದರೆ ಇಎಸ್ಐನಲ್ಲಿ ಕೂಲಿಯ 80 ಪಾಲು, ಎರಡು ವರ್ಷದ ತನಕವೂ ಸಿಗಬಹುದು. ಮೇಲಿನ ಸಂಬಳದ ಲೆಕ್ಕದಲ್ಲೇ ತಿಂಗಳಿಗೆ 12,000. ಅದೇ ಕ್ಷಯ ಭಟ್ಟಿಯ ಮುಂದೆ ಹೊಗೆ ಕುಡಿದು ಮಂಡಕ್ಕಿ ಹುರಿಯುವವನಿಗೆ ಬಂದರೆ? ಮಾತ್ರೆ ಪುಕ್ಕಟೆ. ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು. 2018ರಲ್ಲಿ ತಿಂಗಳಿಗೆ 500 ಇದ್ದದ್ದನ್ನು 2024ರ ನವೆಂಬರ್‌ನಿಂದ 1,000 ಮಾಡಿದರು. ರೋಗ ಒಂದೇ, ಮಾತ್ರೆ ಒಂದೇ, ಹಸಿವೂ ಒಂದೇ. ಅವನಿಗೆ ಹನ್ನೆರಡು ಸಾವಿರ, ಇವನಿಗೆ ಒಂದು. ಇವನು ಎರಡು ತಿಂಗಳಿಗೇ ಕೆಮ್ಮು ಕಡಿಮೆಯಾಯಿತು ಅಂತ ಮಾತ್ರೆ ಬಿಟ್ಟು ಭಟ್ಟಿಗೆ ಹೊರಟರೆ ತಿಳಿವಳಿಕೆ ಇಲ್ಲದವನು ಅಂತ ಬೈಯುತ್ತೀವಿ. ತಿಳಿವಳಿಕೆ ಇದೆ ಸ್ವಾಮಿ, ಕಾಸಿಲ್ಲ.

'ನಮಗೆ ಕಾಯಿಲೆ ಬಂದ್ರೆ ಯಾರು ಕೊಡ್ತಾರೆ?' ಅಂತ ಸಣ್ಣ ಅಂಗಡಿಯವರು ಕೇಳುವುದೂ ನ್ಯಾಯವೇ. ಶಟರ್ ಎಳೆದರೆ ಅವರ ಆದಾಯವೂ ನಿಂತಿತು. ಇಎಸ್ಐ ಆಳುಗಳದ್ದು, ಯಜಮಾನರದ್ದಲ್ಲ. ಈ ಕೊರತೆ ದೆಹಲಿಯಲ್ಲಿ ಕೂತವರಿಗೆ ಕಂಡಿಲ್ಲ.

ಆದರೆ ಒಂದು ಬಾಗಿಲು ತೆರೆದಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಹತ್ತಕ್ಕಿಂತ ಕಡಿಮೆ ಆಳುಗಳ ಅಂಗಡಿಯೂ, ಯಜಮಾನರು ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ, ಇಎಸ್ಐಗೆ ಸೇರಲು ಅದರಲ್ಲಿ ಅವಕಾಶ ಇದೆ. ಬಲವಂತ ಇಲ್ಲ. ಬಲವಂತ ಇಲ್ಲದ್ದನ್ನು ನಮ್ಮ ಪೇಟೆ ಎಷ್ಟು ಮಾಡುತ್ತೆ ಅನ್ನೋ ಅನುಮಾನ ಈ ಅಂಕಣಕಾರನಿಗೂ ಇದೆ. ಒಬ್ಬೊಬ್ಬರೇ ಸೇರಲು ಹೊರಟರೆ ಪಕ್ಕದ ಅಂಗಡಿಯವನು ನಗುತ್ತಾನೆ. ಬೀದಿಗೆ ಬೀದಿಯೇ ಸೇರಿದರೆ ನಗುವವರಿಲ್ಲ. ವರ್ತಕರ ಸಂಘಗಳು ಒಂದು ಭಾನುವಾರ ಸಭೆ ಕರೆದು, ಇಎಸ್ಐ ಅಧಿಕಾರಿಯನ್ನೂ ಕೂರಿಸಿ, ಗುಮಾಸ್ತರನ್ನೂ ಒಳಗೆ ಬಿಟ್ಟು ಈ 601 ರೂಪಾಯಿಯ ಲೆಕ್ಕ ಮಾತಾಡಲಿ. ಮಳೆಗಾಲದ ಡೆಂಗ್ಯೂ ಶುರುವಾಗುವ ಮೊದಲೇ ಆದರೆ ವಾಸಿ. ವಂತಿಗೆ ಕಟ್ಟಿದ ದಿನವೇ ಹಕ್ಕು ಬರೋದಿಲ್ಲ, ತಿಂಗಳುಗಟ್ಟಲೆ ಕಾಯಬೇಕು.