ದೂರದ ಬೆಟ್ಟಕ್ಕೆ ಮನೆಯಲ್ಲೇ ಸಿದ್ಧತೆ

ಪರೀಕ್ಷೆ ಮುಗಿದು ರಜೆ ಬಂತೆಂದರೆ, ಸ್ನೇಹಿತರ ಜೊತೆ ಬೆಟ್ಟಕ್ಕೆ ಹೋಗುತ್ತೇನೆ ಎಂಬ ಬೇಡಿಕೆ ಮನೆಯಲ್ಲಿ ಏಳುವುದು ಸಹಜ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಾಗಲಿ, ಚಿತ್ರದುರ್ಗ ಪಟ್ಟಣವಾಗಲಿ, ಅಪ್ಪ-ಅಮ್ಮಂದಿರ ಮೊದಲ ಉತ್ತರ ‘ಬೇಡ’ ಎಂದೇ. ಹಾಗೆಂದಾಗ ಹೇಳದೆ ಹೊರಡುವ ಹುಡುಗರೂ ಉಂಟು. ಅಪಾಯ ಅಲ್ಲಿಂದಲೇ ಶುರು. ‘ಬೇಡ’ ಎನ್ನುವುದಕ್ಕಿಂತ ‘ನಿನ್ನ ಸಿದ್ಧತೆ ತೋರಿಸು’ ಎಂದು ಕೇಳುವುದು ಲೇಸು.

ಮೊದಲನೆಯದು ಅನುಮತಿ. ಬಯಲುಸೀಮೆಯ ಊಟಿ ಎಂದು ಹೆಸರಾದ ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಕರಡಿ, ಚಿರತೆಗಳ ನೆಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂಥ ಕಾಡಿಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಯಾವ ಹಾದಿ ತೆರೆದಿದೆ, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂಬುದೂ ತಿಳಿಯುತ್ತದೆ.

ಎರಡನೆಯದು ಕಾಲ. ಹಿರಿಯೂರು ಸೀಮೆಗೆ ಮಳೆ ಕಡಿಮೆ. ಬೀಳುವುದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆದ್ದರಿಂದ ನವೆಂಬರಿನಿಂದ ಜನವರಿವರೆಗೆ ನಡಿಗೆಗೆ ಹಿತ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಒಂದು ಕಿಡಿ ಸಾಕು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು.

ಮೂರನೆಯದು ಹೊತ್ತಿನ ಲೆಕ್ಕ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಕಾಲಿಗೆ ಹಾಗಲ್ಲ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಐದು ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 300 ಮೀಟರ್ ಏರಿಗೆ ಅರ್ಧ ಗಂಟೆ. ಹತ್ತು ಕಿ.ಮೀ. ಹಾದಿಯಲ್ಲಿ 300 ಮೀಟರ್ ಏರಿದ್ದರೆ ಎರಡೂವರೆ ಗಂಟೆ. ಬಿಸಿಲು, ಹೊರೆ, ವಿಶ್ರಾಂತಿಗೆ ಅದರ ಅರ್ಧದಷ್ಟು ಸೇರಿಸಿದರೆ ಸುಮಾರು ನಾಲ್ಕು ಗಂಟೆ. ಸರ್ವೆ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿ.ಮೀ. ದಾರವೊಂದನ್ನು ಹಾದಿಯ ಮೇಲೆ ಹಾಸಿ ಅಳೆದರೆ ದೂರ ಸಿಗುತ್ತದೆ. ಭೂಗೋಳದ ಪಾಠವೂ ಆಗುತ್ತದೆ.

ಇನ್ನು ಚೀಲ. ಹೊರುವ ಭಾರ ದೇಹತೂಕದ ಆರನೇ ಒಂದು ಭಾಗ ಮೀರದಿದ್ದರೆ ಒಳ್ಳೆಯದು. 45 ಕಿಲೋ ತೂಗುವ ವಿದ್ಯಾರ್ಥಿಗೆ ಏಳೂವರೆ ಕಿಲೋ. ಇದರಲ್ಲಿ ಮೂರು ಲೀಟರ್ ನೀರೇ ಮೂರು ಕಿಲೋ! ನೀರನ್ನು ಮಾತ್ರ ಕಡಿಮೆ ಮಾಡಬಾರದು. ಬಟ್ಟೆ, ತಿಂಡಿ ಕಡಿಮೆ ಮಾಡಬಹುದು. ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡು ಚೀಲದ ನಡುವೆ ಇರಲಿ. ಅವಲಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ ಇದ್ದರೆ ಹೊಟ್ಟೆಗೆ ಸಾಕು. ಟೋಪಿ, ಟಾರ್ಚು, ಸೀಟಿ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗುಂಪಿನಲ್ಲಿ ಇರಲೇಬೇಕು. ಹೊಸ ಬೂಟು ಆ ದಿನವೇ ತೊಟ್ಟರೆ ಕಾಲು ಬೊಬ್ಬೆಯೇಳುವುದು ಖಂಡಿತ. ಎರಡು ವಾರ ಮುಂಚೆಯೇ ತೊಟ್ಟು ಓಡಾಡಬೇಕು.

ಬಿಸಿಲಿಗೆ ಬಳಲಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕೊಡಬಹುದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇರಿಸಿ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಬೆಟ್ಟದಲ್ಲಿ ಫೋನು ಸಿಗದೇ ಹೋಗಬಹುದು. ಆದ್ದರಿಂದ ಸಿಗ್ನಲ್ ಇರುವ ಜಾಗ ಮೊದಲೇ ಗುರುತಿಸಿಕೊಳ್ಳಬೇಕು.

ಕಡೆಯದು ಒಂದು ಹಾಳೆ. ಹೋಗುವವರ ಹೆಸರು, ಹಾದಿ, ಹೊರಡುವ ಹೊತ್ತು, ಮರಳುವ ಹೊತ್ತು, ಜೊತೆಗಿರುವ ಹಿರಿಯರ ಫೋನ್ ನಂಬರು – ಇಷ್ಟು ಬರೆದು ಮನೆಯಲ್ಲಿಡಬೇಕು. ಹೇಳಿದ ಹೊತ್ತು ಮೀರಿ ಎರಡು ಗಂಟೆಯಾದರೆ ಯಾರಿಗೆ ತಿಳಿಸಬೇಕೆಂಬುದೂ ಅದರಲ್ಲಿರಲಿ. ಹುಡುಕಲು ಹೋಗುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಹೇಳುವುದು ಆ ಹಾಳೆಯೇ. ಅದನ್ನು ತಾನೇ ಬರೆದು ಅಮ್ಮನ ಕೈಗಿಡುವ ಮಗಳಿಗೆ ‘ಹೋಗಿ ಬಾ’ ಎನ್ನಲು ಮನೆಯವರಿಗೂ ಧೈರ್ಯ ಬಂದೀತು.