ದೀಪಾವಳಿಯ ಟಿಕೆಟ್ಟು, ಕಾರ್ತಿಕದ ಬಿಲ್ಲು

ಗಾಂಧಿಧಾಮದಿಂದ ಬೆಂಗಳೂರಿಗೆ ಹೊರಡುವ ರೈಲು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳನ್ನು ಮುಟ್ಟಿ ಹುಬ್ಬಳ್ಳಿಯ ಕಡೆಗೆ ಬರುತ್ತದೆ. ಗುಜರಾತಿನಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ರಜೆಯಲ್ಲಿ ಊರಿಗೆ ಹೋಗುವುದೆಂದರೆ ಆ ರೈಲು, ಸ್ಲೀಪರ್ ಬೋಗಿ, ಬುತ್ತಿಯ ಗಂಟು. ಈಗ ಅಂಥ ಮನೆಗಳಲ್ಲಿ ಬೇರೊಂದು ಮಾತು ಕೇಳಿಬರುತ್ತಿದೆ: “ಕಾರ್ಡಿನಲ್ಲಿ ಪಾಯಿಂಟ್ ಸೇರಿದೆ, ಈ ಸಲ ವಿಮಾನದಲ್ಲೇ ಹೋಗೋಣ.” ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಹೇಗಿದ್ದರೂ ಮಾಡಲೇಬೇಕಾದ ಖರ್ಚಿನಿಂದ ಊರಿನ ಟಿಕೆಟ್ಟು ಹುಟ್ಟುವುದಾದರೆ ಯಾರು ಬೇಡವೆಂದಾರು? ಆದರೆ ಆ ಟಿಕೆಟ್ಟಿನ ಹಿಂದೆಯೇ ಒಂದು ಸಾಲ ಬೆಳೆಯುವ ಲಕ್ಷಣಗಳು ಕಾಣುತ್ತಿವೆ. ಅದು ಬಲಿಯುವ ಮೊದಲೇ ಎಚ್ಚರಿಸುವುದು ನಮ್ಮ ಕರ್ತವ್ಯ.

ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದಲ್ಲೇ 10 ಕೋಟಿ ದಾಟಿತು. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅವಕಾಶ ಕೊಟ್ಟ ಮೇಲೆ ಹಾಲು, ತರಕಾರಿ, ಫಾಫ್ಡಾ ಅಂಗಡಿಯ ಚಿಲ್ಲರೆ ಖರ್ಚೂ ಕಾರ್ಡಿನ ಮೇಲೆ ಬೀಳತೊಡಗಿದೆ. ಜೇಬಿನ ನೋಟು ಕರಗುವುದು ಕಣ್ಣಿಗೆ ಕಾಣುತ್ತಿತ್ತು. ಕಾರ್ಡಿನ ಖರ್ಚು ಬಿಲ್ಲು ಬಂದಾಗಲೇ ಗೊತ್ತಾಗುವುದು. ಅಪಾಯವನ್ನು ರಿಸರ್ವ್ ಬ್ಯಾಂಕೂ ಗುರುತಿಸಿತ್ತು. 2023ರ ನವೆಂಬರ್‌ನಲ್ಲಿ ಬ್ಯಾಂಕುಗಳ ಕಾರ್ಡ್ ಸಾಲದ ಅಪಾಯ ತೂಕವನ್ನು ಅದು ಶೇ 125ರಿಂದ ಶೇ 150ಕ್ಕೆ ಏರಿಸಿತು. ಇಂಥ ಸಾಲ ಕೊಡುವಾಗ ಹೆಚ್ಚು ಬಂಡವಾಳ ಕಾದಿಡಿ ಎಂದು ಬ್ಯಾಂಕುಗಳಿಗೇ ಹೇಳಿದೆ ಎಂದಮೇಲೆ, ಕಾರ್ಡ್ ಹಿಡಿದ ಮನೆಯೂ ಕಿವಿಗೊಡಬೇಕು.

ಒಂದು ಮನೆಯ ಲೆಕ್ಕ ಹಾಕೋಣ. ತಿಂಗಳಿಗೆ 50,000 ರೂಪಾಯಿ ಕಾರ್ಡಿನಲ್ಲಿ ಖರ್ಚಾಗುತ್ತದೆ, ನೂರಕ್ಕೆ ಒಂದು ರೂಪಾಯಿಯ ಪಾಯಿಂಟ್ ಸಿಗುತ್ತದೆ ಎನ್ನಿ. ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಒಂದು ತಿಂಗಳು ಕೈ ಬಿಗಿಯಾಗುತ್ತದೆ. ಮೊಬೈಲಿನಲ್ಲಿ ಬಿಲ್ಲು ತೆರೆದರೆ ಎರಡು ಅಂಕಿಗಳು: ಒಟ್ಟು ಬಾಕಿ 50,000, ಕನಿಷ್ಠ ಬಾಕಿ 2,500. ಕನಿಷ್ಠ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ 3.5ರಂತೆ ಉಳಿದ 47,500ಕ್ಕೆ ಸುಮಾರು 1,660 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ. ಅಲ್ಲಿಗೆ ನಾಲ್ಕು ತಿಂಗಳು ಕೂಡಿಸಿದ ಪಾಯಿಂಟು ಒಂದೇ ತಿಂಗಳಲ್ಲಿ ಹೋಯಿತು. ಅಷ್ಟಕ್ಕೇ ಮುಗಿಯದು. ಬಾಕಿ ಉಳಿದಿರುವವರೆಗೆ ಬಡ್ಡಿರಹಿತ ಅವಧಿಯೂ ಇರುವುದಿಲ್ಲ. ನಾಳೆ ತರುವ ಅಕ್ಕಿಗೂ ತಂದ ದಿನದಿಂದಲೇ ಬಡ್ಡಿ. ಕಾರ್ಡ್ ಬಡ್ಡಿ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಮಾಡಿದೆ. ಆ ಆಸರೆಯೂ ಈಗ ಇಲ್ಲ.

ಪಾಯಿಂಟಿನ ಬೆಲೆಯಾದರೂ ಸ್ಥಿರವೇ? ವಿಸ್ತಾರಾ ವಿಮಾನ ಸಂಸ್ಥೆಯ ಹೆಸರಿನ ಕಾರ್ಡ್ ಹಿಡಿದು ವರ್ಷಗಟ್ಟಲೆ ಪಾಯಿಂಟ್ ಕೂಡಿಟ್ಟವರಿದ್ದರು. 2024ರ ನವೆಂಬರ್ 12ರಂದು ಆ ಸಂಸ್ಥೆಯೇ ಏರ್ ಇಂಡಿಯಾದಲ್ಲಿ ಲೀನವಾಯಿತು, ಪಾಯಿಂಟುಗಳು ಬೇರೊಂದು ಯೋಜನೆಗೆ ವರ್ಗವಾದವು. ಬ್ಯಾಂಕುಗಳೂ ನಿಯಮ ಬದಲಿಸುತ್ತಲೇ ಇರುತ್ತವೆ. ಬಾಡಿಗೆ, ಪೆಟ್ರೋಲ್, ವಾಲೆಟ್ ಖರ್ಚಿಗೆ ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ. ಬಾಡಿಗೆ ಪಾವತಿಗೆ ಮೇಲಿಂದ ಶುಲ್ಕ ಬೇರೆ.

ಸೂರತ್ತಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ವಿಮಾನ ನಿಲ್ದಾಣದ ಹೊಸ ಟರ್ಮಿನಲ್, ವಜ್ರ ವ್ಯಾಪಾರದ ಕೇಂದ್ರವಾದ ಡೈಮಂಡ್ ಬೋರ್ಸ್ ಎರಡೂ ಉದ್ಘಾಟನೆಯಾದದ್ದು 2023ರ ಡಿಸೆಂಬರ್ 17ರಂದೇ. ಆದರೆ ವಜ್ರದ ವ್ಯಾಪಾರ ಕುಸಿದು, 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವೇ ವಜ್ರ ಕಾರ್ಮಿಕರಿಗೆ ನೆರವು ಘೋಷಿಸಬೇಕಾಯಿತು. ಮಾಡಿದ ಕೆಲಸಕ್ಕೆ ತಕ್ಕಂತೆ ಸಂಪಾದಿಸುವವರ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಬಿಲ್ಲಿನ ಕೊನೆಯ ದಿನ ಮಾತ್ರ ಕದಲುವುದಿಲ್ಲ.

ಇನ್ನೊಂದು ರೂಢಿ ಹೆಚ್ಚು ಅಪಾಯದ್ದು. ಪಾಯಿಂಟಿಗಾಗಿ ಗೆಳೆಯರ, ಅಂಗಡಿಯವರ ಸರಕನ್ನು ತಮ್ಮ ಕಾರ್ಡಿನಲ್ಲಿ ಕೊಂಡುಕೊಡುವುದು. ಇಲ್ಲವೇ ಅಂಗಡಿಯಲ್ಲಿ ಸುಮ್ಮನೆ ಕಾರ್ಡ್ ಉಜ್ಜಿ, ಕಮಿಷನ್ ಬಿಟ್ಟು ನಗದು ಪಡೆಯುವುದು. ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ಕಾರ್ಡ್ ಬಿಲ್ ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ನಗದಿನಲ್ಲಾದರೆ 1 ಲಕ್ಷಕ್ಕೇ. ಗೆಳೆಯ ಕೈಕೊಟ್ಟರೆ ಸಾಲ ನಿಮ್ಮದು, ನೋಟಿಸ್ ಬಂದರೆ ಉತ್ತರವೂ ನಿಮ್ಮದೇ.

ಅಪಾಯದ ಗುರುತುಗಳು ಸ್ಪಷ್ಟ. ಮೊದಲ ಬಾರಿ ಕನಿಷ್ಠ ಬಾಕಿ ಕಟ್ಟಿದ ತಿಂಗಳು. ಹಳೆಯ ಬಿಲ್ಲು ತೀರಿಸಲು ಹೊಸ ಕಾರ್ಡಿಗೆ ಅರ್ಜಿ ಹಾಕಿದ ದಿನ. ಪಾಯಿಂಟಿಗೆ ಬೇಕಾದ ಖರ್ಚಿನ ಗುರಿ ಮುಟ್ಟಲೆಂದು ಬೇಡದ ವಸ್ತು ಕೊಂಡ ಸಂಜೆ. ಇವುಗಳಲ್ಲಿ ಒಂದು ಕಂಡರೂ ಪಾಯಿಂಟಿನ ಯೋಚನೆ ಅಲ್ಲಿಗೇ ನಿಲ್ಲಿಸಿ, ಬಾಕಿ ತೀರುವವರೆಗೆ ಕಾರ್ಡನ್ನು ಬೀರುವಿನಲ್ಲಿಡಿ.

ಕಾರ್ಡ್ ಬಳಸುವವರು ಒಂದೋ ಎರಡೋ ಕಾರ್ಡಿಗೆ ನಿಲ್ಲಲಿ. ಬ್ಯಾಂಕ್ ಖಾತೆಯಲ್ಲಿ ಇರುವಷ್ಟೇ ಖರ್ಚು ಮಾಡಲಿ, ಒಟ್ಟು ಬಾಕಿ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಬರೆದುಕೊಡಲಿ. ಸೇರಿದ ಪಾಯಿಂಟನ್ನು ಕೂಡಿಡದೆ ಬೇಗ ಬಳಸಲಿ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೋರಿದರೆ ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ತೆರಬೇಕು; ಇದು 2022ರ ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕುಗಳು ಮೊಬೈಲ್ ಪರದೆಯಲ್ಲಿ ಕನಿಷ್ಠ ಬಾಕಿಯ ಪಕ್ಕದಲ್ಲೇ ಅದರಿಂದ ಬೀಳುವ ಬಡ್ಡಿಯನ್ನು ರೂಪಾಯಿಯಲ್ಲಿ ತೋರಿಸಲಿ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ಕನ್ನಡ ಸಂಘಗಳು ರಾಜ್ಯೋತ್ಸವದ ಕಾರ್ಯಕ್ರಮದ ನಡುವೆ ಅರ್ಧ ಗಂಟೆ ಈ ಲೆಕ್ಕಕ್ಕೆ ಮೀಸಲಿಡಲಿ.

ಗುಜರಾತಿನ ವ್ಯಾಪಾರಿ ದೀಪಾವಳಿಗೆ ಚೋಪಡಾ ಪೂಜೆ ಮಾಡಿ, ಹೊಸ ಲೆಕ್ಕದ ಪುಸ್ತಕದಲ್ಲಿ ಶುಭ-ಲಾಭ ಎಂದು ಬರೆಯುತ್ತಾನೆ. ಆ ಪುಸ್ತಕದಲ್ಲಿ ಜಮೆಗೂ ಜಾಗವಿದೆ, ಖರ್ಚಿಗೂ ಜಾಗವಿದೆ. ನಮ್ಮ ಮನೆಗಳಲ್ಲೂ ಟಿಕೆಟ್ ಕಾದಿರಿಸುವ ಮುನ್ನ ಗಂಡ ಹೆಂಡತಿ ಕೂತು, ವರ್ಷದ ಪಾಯಿಂಟು ಒಂದು ಕಡೆ, ಕಟ್ಟಿದ ಬಡ್ಡಿ, ದಂಡ, ವಾರ್ಷಿಕ ಶುಲ್ಕ ಇನ್ನೊಂದು ಕಡೆ ಬರೆದು ನೋಡಲಿ. ಜಮೆ ಹೆಚ್ಚಿದ್ದರೆ ವಿಮಾನ ಹತ್ತಿ, ಸಂತೋಷವಾಗಿ ಊರಿಗೆ ಬನ್ನಿ. ಇಲ್ಲವಾದರೆ ಹುಬ್ಬಳ್ಳಿಯ ರೈಲಿದೆ. ಅದರಲ್ಲಿ ಬಂದಿಳಿದವರಿಗೆ ಕಾರ್ತಿಕದಲ್ಲಿ ಬರುವ ಬಿಲ್ಲಿನ ಭಯವಿರುವುದಿಲ್ಲ.