‘ಗೇರ್‌ಬಾಕ್ಸ್ ಹೋಯ್ತು’ ಅನ್ನೋದು ರೋಗದ ಹೆಸರಲ್ಲ

(1/8)

ಹಳೇ ಆಟೋಮ್ಯಾಟಿಕ್ ಕಾರು ಗ್ಯಾರೇಜಿಗೆ ಹೋಗುತ್ತೆ. ಮೆಕ್ಯಾನಿಕ್ ಒಂದು ರೌಂಡ್ ಓಡಿಸ್ತಾರೆ, ಇಳೀತಾರೆ, ತಲೆ ಅಲ್ಲಾಡಿಸ್ತಾರೆ. "ಸರ್, ಗೇರ್‌ಬಾಕ್ಸ್ ಹೋಯ್ತು." ಐದು ನಿಮಿಷದ ಓಡಾಟ, ಎಂಬತ್ತು ಸಾವಿರದ ತೀರ್ಪು.

ಈ ಸೀರೀಸ್ ಪೂರ್ತಿ ಆ ಒಂದು ವಾಕ್ಯದ ವಿರುದ್ಧ.

ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರಂತೆ, ಹಾಗಾಗಿದೆ ನಮ್ಮ ಕಥೆ. ಎಂಜಿನ್ ಕೆಟ್ಟಾಗ ಪ್ಲಗ್ ನೋಡ್ತಾರೆ, ಕಾಯಿಲ್ ನೋಡ್ತಾರೆ, ಫಿಲ್ಟರ್ ನೋಡ್ತಾರೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಂದ ತಕ್ಷಣ ಎಲ್ಲ ಪರೀಕ್ಷೆ ಮರೆತು ಸೀದಾ "ಚೇಂಜ್ ಮಾಡ್ಬೇಕು"!

ಇಂಥ ಕಾರು ಯಾರ ಮನೇಲಿದೆ ಯೋಚನೆ ಮಾಡಿ. ಮಂಡಿನೋವಿನ ಅಮ್ಮ, ಎಡಗಾಲಿಗೆ ಆಪರೇಷನ್ ಆಗಿರೋ ಚಿಕ್ಕಪ್ಪ, ಸಿಲ್ಕ್ ಬೋರ್ಡ್ ಜಾಮಲ್ಲಿ ಕ್ಲಚ್ ಒತ್ತಿ ಒತ್ತಿ ಸಾಕಾದ ಅಕ್ಕ. ಅವರಿಗೆ ಅದು ಶೋಕಿ ಅಲ್ಲ, ಓಡಾಟದ ಸ್ವಾತಂತ್ರ್ಯ. ಎರಡೂವರೆ ಲಕ್ಷಕ್ಕೆ ತಗೊಂಡ ಹಳೇ ಕಾರಿಗೆ ಎಂಬತ್ತು ಸಾವಿರ ಅಂದ್ರೆ ಕಾರು ಮೂಲೆ ಸೇರುತ್ತೆ, ಅಮ್ಮ ಮತ್ತೆ ಆಟೋಗೆ ಕೈ ಅಡ್ಡ ಹಾಕ್ತಾ ನಿಲ್ತಾರೆ.

ನನ್ನ ವಾದ ಇಷ್ಟೇ: ಪರೀಕ್ಷೆ ಮಾಡದೆ ಕೊಡೋ ತೀರ್ಪು ಜೂಜು. ಆಡೋರು ಅವರು, ದುಡ್ಡು ನಮ್ಮದು. ಇದರಲ್ಲಿ ನಮ್ಮ ತಪ್ಪೂ ಇದೆ, ಅದು 7ನೇ ಪೋಸ್ಟಲ್ಲಿ. ಬೈಯೋರು ಅಲ್ಲೀವರೆಗೆ ಬಂದು ಬೈರಿ.

(2/8)

ಮೊದಲ ಪ್ರಶ್ನೆ: ಯಾವ ಆಟೋಮ್ಯಾಟಿಕ್?

ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಂದ್ಕೊಂಡ್ರೆ ಅಲ್ಲೇ ಕೆಟ್ಟಿರಿ. ನಮ್ಮ ರಸ್ತೆಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ ಇವೆ.

ಟಾರ್ಕ್ ಕನ್ವರ್ಟರ್: ಎಂಜಿನ್ ಶಕ್ತಿಯನ್ನ ಆಯಿಲ್ ಮೂಲಕ ದಾಟಿಸೋ ಹಳೇ, ಗಟ್ಟಿ ವಿಧಾನ.
ಸಿವಿಟಿ: ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಇಂತಿಷ್ಟೇ ಗೇರ್ ಅನ್ನೋದೇ ಇಲ್ಲ.
ಡ್ಯುಯಲ್ ಕ್ಲಚ್: ಒಂದು ಕ್ಲಚ್ ಬೆಸ ಗೇರಿಗೆ, ಇನ್ನೊಂದು ಸಮ ಗೇರಿಗೆ.
ಎಎಂಟಿ: 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಮನೆಮಾತಾಗಿದ್ದು. ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋ, ಗೇರ್ ಹಾಕೋ ಕೆಲಸಕ್ಕೆ ಮಾತ್ರ ಯಂತ್ರ ಕೂರಿಸಿದ್ದಾರೆ.

ಈಗ ಹೇಳಿ, ಎಎಂಟಿ ಕಾರು ಹೊರಡುವಾಗ ನಡುಗಿದ್ರೆ "ಗೇರ್‌ಬಾಕ್ಸ್ ಹೋಯ್ತು" ಅನ್ನೋಕೆ ಬಾಯಾದ್ರೂ ಹೇಗೆ ಬರುತ್ತೆ? ಎಷ್ಟೋ ಸಲ ಅದು ಸವೆದ ಕ್ಲಚ್ ಪ್ಲೇಟ್. ಕ್ಲಚ್ ಸವೆಯೋಕೇ ಇರೋ ಸಾಮಾನು, ಟೈರ್ ಇದ್ದ ಹಾಗೆ. ಇಲ್ಲಾಂದ್ರೆ ಅದನ್ನ ಒತ್ತೋ ಆಕ್ಚುಯೇಟರ್.

ಇನ್ನು "ಇದೆಲ್ಲ ಹೊಸ ಟೆಕ್ನಾಲಜಿ ಸಾರ್, ಯಾರಿಗೂ ಗೊತ್ತಾಗಲ್ಲ" ಅನ್ನೋ ಡೈಲಾಗ್. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಲ್ಲೇ ಬಂದಿತ್ತು. ನಮ್ಮ ತಾತ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲ ಅದು. ಇನ್ನೂ ಎಷ್ಟು ವರ್ಷ ಹೊಸದು ಅಂತೀರಾ?

ಇಲ್ಲಿಂದ ಮುಂದೆ ಹೇಳೋದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್ ಬಗ್ಗೆ. ಹತ್ತು, ಹದಿನೈದು ವರ್ಷದ ಕಾರುಗಳಲ್ಲಿ ಸಿಗೋದು ಜಾಸ್ತಿ ಅದೇ.

(3/8)

ಆಯಿಲ್ ನೋಡದೆ ಮಾತಾಡಬೇಡಿ.

ಎಂಜಿನ್ ಆಯಿಲಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಈ ಗೇರ್‌ಬಾಕ್ಸಲ್ಲಿ ಆಯಿಲ್ ಜಾರಿಕೆ ಕೊಡುತ್ತೆ, ಬಿಸಿ ಹೊತ್ತೊಯ್ಯುತ್ತೆ, ಅದರ ಜೊತೆಗೆ ತನ್ನ ಒತ್ತಡದಿಂದಲೇ ಒಳಗಿನ ಕ್ಲಚ್‌ಗಳನ್ನ ಹಿಡಿದಿಡುತ್ತೆ. ಆಯಿಲ್ ಕಮ್ಮಿ ಆದ್ರೆ ಪಂಪ್ ಗಾಳಿ ಎಳೆಯುತ್ತೆ. ಒತ್ತಡ ಬೀಳುತ್ತೆ, ಕ್ಲಚ್ ಜಾರುತ್ತೆ, ಜಾರಿದ್ದು ಸುಡುತ್ತೆ. ಒಂದು ಲೀಟರ್ ಆಯಿಲಲ್ಲಿ ಮುಗಿಯೋ ರಗಳೆ ಹೀಗೆ ಎಂಬತ್ತು ಸಾವಿರಕ್ಕೆ ಹೋಗುತ್ತೆ.

ಎಂಜಿನ್ ಆಯಿಲ್ ಹಾಗೆ ಇದು ಉರಿದು ಕಮ್ಮಿ ಆಗೋ ಪೈಕಿ ಅಲ್ಲ. ಕಮ್ಮಿ ಇದೆ ಅಂದ್ರೆ ಸೋರಿದೆ ಅಂತಲೇ ಲೆಕ್ಕ. ಆಕ್ಸಲ್ ಸೀಲ್, ಕೆಳಗಿನ ಪ್ಯಾನ್ ಗ್ಯಾಸ್ಕೆಟ್, ಕೂಲರ್ ಪೈಪ್, ಈ ಮೂರು ಜಾಗ ಟಾರ್ಚ್ ಹಾಕಿ ನೋಡಿ.

ಬಣ್ಣ ನೋಡಿ (ಎರಡನೇ ಫೋಟೋ). ಸಾಮಾನ್ಯವಾಗಿ ಹೊಸದು ಕೆಂಪು. ವಯಸ್ಸಾದ್ದು ಕಂದು. ಕಪ್ಪಗಾಗಿ ಸುಟ್ಟ ವಾಸನೆ ಬಂದ್ರೆ ಕ್ಲಚ್ ಸುಟ್ಟಿದೆ ಅನ್ನೋ ಅನುಮಾನ. ಸ್ಟ್ರಾಬೆರಿ ಮಿಲ್ಕ್‌ಶೇಕ್ ತರ ಇದ್ರೆ ರೇಡಿಯೇಟರ್ ಒಳಗೆ ಕೂಲೆಂಟ್ ಬೆರೆತಿರಬಹುದು. ಆಗ ಕಾರು ಸ್ಟಾರ್ಟೇ ಮಾಡಬೇಡಿ.

ಅಳತೆ ತೆಗೆಯೋ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವಕ್ಕೆ ಬಿಸಿಯಾದ ಮೇಲೆ ಎಂಜಿನ್ ಓಡ್ತಿರುವಾಗಲೇ ನೋಡಬೇಕು, ಕೆಲವಕ್ಕೆ ಆಫ್ ಮಾಡಿ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ಮ್ಯಾನ್ಯುಯಲ್ ಪುಸ್ತಕ ತೆಗೀರಿ. ಜಾಸ್ತಿ ಸುರಿದ್ರೂ ನೊರೆ ಬಂದು ಅದೇ ಗತಿ. ಸಿವಿಟಿಗೆ ಸಿವಿಟಿ ಆಯಿಲೇ ಬೇಕು. "ಎಲ್ಲದಕ್ಕೂ ಆಗುತ್ತೆ" ಅನ್ನೋ ಡಬ್ಬ ಕಂಡ್ರೆ ಕೈ ಮುಗಿದು ಬನ್ನಿ.

"ಲೈಫ್‌ಟೈಮ್ ಆಯಿಲ್ ಸಾರ್, ಚೇಂಜೇ ಬೇಡ" ಅಂತಾರಲ್ಲ? ಎಷ್ಟೋ ದೊಡ್ಡ ಕಂಪನಿಗಳ ಕಾರಿಗೆ ಗೇರ್‌ಬಾಕ್ಸ್ ಮಾಡಿಕೊಡೋ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅಂತ ಹೇಳುತ್ತೆ. ಮಾಡಿದವರೇ ಬದಲಿಸಿ ಅಂತಿದ್ದಾರೆ. ಹಾಗಾದ್ರೆ ಲೈಫ್‌ಟೈಮ್ ಯಾರ ಲೈಫು?

(4/8)

ಸ್ಕ್ಯಾನರ್ ಇದೆ ಅಂತ ಡಾಕ್ಟರ್ ಆಗಲ್ಲ.

ಸಾವಿರ ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದ್ರೆ ಪಿ0700 ಅಂತ ಬರುತ್ತೆ. ಅದನ್ನ ತೋರಿಸಿ "ನೋಡಿ, ಗೇರ್‌ಬಾಕ್ಸ್ ಕೋಡ್ ಬಂತು" ಅಂತಾರೆ. ಪಿ0700 ಹೇಳೋದು ಇಷ್ಟೇ: "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಬರ್ಕೊಂಡಿದೆ, ಹೋಗಿ ಅದನ್ನ ಕೇಳಿ." ಅಸಲಿ ದೂರು ಆ ಕಂಪ್ಯೂಟರ್ ಒಳಗಿದೆ. ಎಷ್ಟೋ ಅಗ್ಗದ ಸ್ಕ್ಯಾನರ್‌ಗಳು ಅಲ್ಲೀವರೆಗೆ ಹೋಗೋದೇ ಇಲ್ಲ.

ಒಳಗೆ ಹೋಗಿ ನೋಡಿದ್ರೆ ಕಥೆಯೇ ಬೇರೆ. ಪಿ0715 ಅಂದ್ರೆ ಇನ್‌ಪುಟ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಪಿ0720 ಅಂದ್ರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಪಿ0731ರಿಂದ ಮುಂದಿನವು ಒಂದೊಂದು ಗೇರ್ ಜಾರ್ತಿದೆ ಅನ್ನೋ ಸುಳಿವು. ಪಿ0741 ಟಾರ್ಕ್ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ಚಿನ ಕಡೆ ಬೆರಳು ತೋರಿಸುತ್ತೆ. ಸರ್ಕ್ಯೂಟ್ ಅನ್ನೋ ಪದ ಗಮನಿಸಿ. ಸೆನ್ಸರ್ ಕೆಟ್ಟಿರಬಹುದು, ವೈರ್ ಕಟ್ ಆಗಿರಬಹುದು, ಕನೆಕ್ಟರ್ ಒಳಗೆ ನೀರು ಹೋಗಿರಬಹುದು. ಕೋಡ್ ಬೀದಿ ತೋರಿಸುತ್ತೆ, ಮನೆ ನಂಬರ್ ನಾವು ಹುಡುಕಬೇಕು.

ನಮ್ಮ ಬೀದಿಯ ರಿಟೈರ್ಡ್ ಟೀಚರ್ ಆಂಟಿಯ ಹನ್ನೆರಡು ವರ್ಷದ ಹ್ಯಾಚ್‌ಬ್ಯಾಕ್ ಹೋದ ಮಳೆಗಾಲದಲ್ಲಿ ಮೂರನೇ ಗೇರಲ್ಲೇ ನಿಂತುಬಿಡ್ತು. ಒಂದು ಗ್ಯಾರೇಜಲ್ಲಿ ಗುಜರಿಯಿಂದ ಗೇರ್‌ಬಾಕ್ಸ್ ತಂದು ಕೂರಿಸೋಕೆ 85 ಸಾವಿರ ಅಂದ್ರು. ಇನ್ನೊಬ್ಬರು ಸರಿಯಾದ ಸ್ಕ್ಯಾನರ್ ಹಾಕಿದ್ರು, ಪಿ0720 ಬಂತು. ಮೀಟರ್ ಹಿಡಿದು ವೈರ್ ನೋಡಿದ್ರು, ವೈರ್ ಸರಿ ಇತ್ತು, ಸೆನ್ಸರ್ ಸತ್ತಿತ್ತು. ಸೆನ್ಸರ್, ಕೂಲಿ, ಸ್ಕ್ಯಾನ್ ಫೀಸ್ ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರು.

ಒಂದೇ ಗೇರಲ್ಲಿ ನಿಲ್ಲೋದನ್ನ ಲಿಂಪ್ ಮೋಡ್ ಅಂತಾರೆ. ಸೆನ್ಸರ್ ಮಾತು ನಂಬೋಕಾಗದಾಗ ಕಂಪ್ಯೂಟರ್ ಗೇರ್‌ಬಾಕ್ಸನ್ನ ಕಾಪಾಡೋಕೆ ಹಾಗೆ ಮಾಡುತ್ತೆ. ಕಾಪಾಡ್ತಿರೋದನ್ನೇ ಸತ್ತೋಯ್ತು ಅಂತ ಘೋಷಿಸಿದ್ರೆ ಏನನ್ನೋದು? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ.

(5/8)

ಗೇರ್‌ಬಾಕ್ಸ್ ವೇಷ ಹಾಕಿ ಬರೋ ಬೇರೆ ರೋಗಗಳು.

ಪಿ ಇಂದ ಡಿಗೋ ಆರ್‌ಗೋ ಹಾಕಿದಾಗ ಧಡ್ ಅಂತ ಹೊಡೆತ: ಮೊದಲು ಎಂಜಿನ್ ಮೌಂಟ್ ನೋಡಿ. ರಬ್ಬರ್ ಹರಿದಿದ್ರೂ ಹೀಗೇ ಆಗುತ್ತೆ. ಐಡ್ಲಿಂಗ್ ಆರ್‌ಪಿಎಂ ಜಾಸ್ತಿ ಇದ್ರೂ ಹೀಗೇ.

ಏರು ಹತ್ತುವಾಗ ಜರ್ಕ್: ಒಂದು ಸಿಲಿಂಡರ್ ಮಿಸ್ ಹೊಡೀತಿರಬಹುದು. ಅದು ಪ್ಲಗ್, ಕಾಯಿಲ್ ಕೆಲಸ.

ಇವತ್ತು ಒಂದು ಕೋಡ್, ನಾಳೆ ಇನ್ನೊಂದು: ಬ್ಯಾಟರಿ, ಅರ್ಥಿಂಗ್ ವೈರ್ ನೋಡಿ. ಗೇರ್ ಬದಲಿಸೋ ಸೊಲೆನಾಯ್ಡ್‌ಗಳು ಕರೆಂಟಲ್ಲೇ ಬದುಕೋದು.

ಐವತ್ತು, ಅರವತ್ತರ ವೇಗದಲ್ಲಿ ಹಗುರಾಗಿ ಆಕ್ಸಿಲರೇಟರ್ ಒತ್ತಿದಾಗ ಗಡಗಡ: ಲಾಕಪ್ ಕ್ಲಚ್ ಇರಬಹುದು, ಎಂಜಿನ್ ಮಿಸ್ಸಿಂಗ್ ಇರಬಹುದು. ಅನುಭವ ಇರೋರು ಖಾಲಿ ರಸ್ತೇಲಿ ವೇಗ ಹಾಗೇ ಇಟ್ಟು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಬ್ರೇಕ್ ಮುಟ್ತಾರೆ. ಬ್ರೇಕ್ ಮುಟ್ಟಿದ್ರೆ ಲಾಕಪ್ ಬಿಡುತ್ತೆ. ಆ ಕ್ಷಣಕ್ಕೆ ನಡುಕ ನಿಂತ್ರೆ ಅನುಮಾನ ಲಾಕಪ್ ಕಡೆ, ನಿಲ್ಲದಿದ್ರೆ ಎಂಜಿನ್ ಕಡೆ. ಇದನ್ನ ಟ್ರಾಫಿಕ್ಕಲ್ಲಿ ಟ್ರೈ ಮಾಡೋ ಹೀರೋಗಳೇ, ಬೇಡ.

ಜಾರೋದರಲ್ಲೂ ಲೆಕ್ಕ ಇದೆ. ಎಲ್ಲ ಗೇರಲ್ಲೂ ಜಾರಿದ್ರೆ ಆಯಿಲ್, ಪಂಪ್, ಒತ್ತಡದ ಕಡೆ ನೋಡಿ. ಒಂದೇ ಗೇರಲ್ಲಿ ಜಾರಿದ್ರೆ ಆ ಗೇರಿನ ಕ್ಲಚ್ ಅಥವಾ ಸೊಲೆನಾಯ್ಡ್. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಡಿ ಹಿಡಿಯೋಕೆ ತಡ ಆದ್ರೆ ಗಟ್ಟಿಯಾದ ಸೀಲ್ ಅಥವಾ ಕಮ್ಮಿ ಆಯಿಲ್. ಯಾವಾಗ, ಯಾವ ಗೇರಲ್ಲಿ, ಬಿಸಿಯೋ ತಣ್ಣಗೋ ಅಂತ ಒಂದು ವಾರ ಫೋನಲ್ಲಿ ಬರ್ಕೊಳ್ಳಿ. ಆ ನೋಟ್ಸ್ ಅರ್ಧ ಪರೀಕ್ಷೆ.

(6/8)

ಹಾಗಾದ್ರೆ ಗೇರ್‌ಬಾಕ್ಸ್ ಹೋಗೋದೇ ಇಲ್ವಾ? ಹೋಗುತ್ತೆ ಗುರು, ಖಂಡಿತ ಹೋಗುತ್ತೆ.

ಪ್ಯಾನ್ ಬಿಚ್ಚಿ ನೋಡಿದಾಗ ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟ್ ಇದ್ರೆ ಅದು ಮಾಮೂಲಿ ಸವೆತ. ಹೊಳೆಯೋ ಲೋಹದ ಚೂರು, ಕ್ಲಚ್ಚಿನ ಕಪ್ಪು ಚಕ್ಕೆ ರಾಶಿ ಇದ್ರೆ ಕೆಟ್ಟ ಸುದ್ದಿ. ಜೊತೆಗೆ ಗೇರ್ ಜಾರೋ ಕೋಡ್ ಇದೆ, ಗೇಜ್ ಹಾಕಿದ್ರೆ ಆಯಿಲ್ ಒತ್ತಡ ಕಮ್ಮಿ ಇದೆ, ಆಯಿಲ್ ಸುಟ್ಟು ನಾರ್ತಿದೆ ಅಂದ್ರೆ ಮೆಕ್ಯಾನಿಕ್ ಹೇಳಿದ್ದು ನಿಜ. ಆಗ ಹೊಸ ಆಯಿಲ್ ಹಾಕಿದ್ರೂ ಸುಟ್ಟ ಕ್ಲಚ್ ಮತ್ತೆ ಚಿಗುರಲ್ಲ. ಆಗಲೂ ಲೆಕ್ಕ ಹಾಕಿ: ರಿಪೇರಿ ಖರ್ಚು ಎಷ್ಟು, ಕಾರಿನ ಬೆಲೆ ಎಷ್ಟು, ಗುಜರಿಯಿಂದ ಬರೋ ಗೇರ್‌ಬಾಕ್ಸಿಗೆ ಗ್ಯಾರಂಟಿ ಎಷ್ಟು ತಿಂಗಳು? ಅದನ್ನೂ ಯಾವ ಕಾರಿಂದ, ಯಾಕೆ ಬಿಚ್ಚಿದ್ರೋ ಯಾರಿಗೆ ಗೊತ್ತು.

ಮಾರಿಬಿಡೋದೂ ಒಂದು ತೀರ್ಮಾನವೇ. ಆದ್ರೆ ಸಾಕ್ಷಿ ನೋಡಿ ತೀರ್ಮಾನ ಮಾಡಿ.

ಕೆಟ್ಟು ನಿಂತ್ರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದಾಗ ಆಯಿಲ್ ಪಂಪ್ ತಿರುಗಲ್ಲ, ಚಕ್ರ ತಿರುಗ್ತಾ ಇದ್ರೆ ಒಳಗೆ ಒಣಗಿ ಸವೆಯುತ್ತೆ. ಫ್ಲಾಟ್‌ಬೆಡ್ ಟೋಯಿಂಗ್ ಗಾಡಿ ಕರೀರಿ.

(7/8)

ಈಗ ನಮ್ಮ ಪಾಲಿನ ತಪ್ಪು.

ಸರಿಯಾಗಿ ಪರೀಕ್ಷೆ ಮಾಡೋಕೆ ಎರಡು ಮೂರು ಗಂಟೆ ಬೇಕು, ಒಳ್ಳೆ ಸ್ಕ್ಯಾನರ್ ಬೇಕು, ಓದಿರೋ ತಲೆ ಬೇಕು. ಅದಕ್ಕೆ ಸಾವಿರದ ಐನೂರು ಕೇಳಿದ್ರೆ ನಾವು ಏನಂತೀವಿ? "ಬರೀ ನೋಡೋಕೆ ದುಡ್ಡಾ?" ಅದೇ ಬಾಯಿ ಡಾಕ್ಟರ್ ಫೀಸಿಗೆ, ಬ್ಲಡ್ ಟೆಸ್ಟಿಗೆ ತುಟಿಕ್ ಪಿಟಿಕ್ ಅನ್ನಲ್ಲ. ನೋಡೋಕೆ ದುಡ್ಡು ಕೊಡಲ್ಲ ಅಂದ ಮೇಲೆ ಗ್ಯಾರೇಜ್ ಬದುಕೋದು ಬದಲಿಸೋದರಿಂದ. ಸಾವಿರದ ಐನೂರು ಉಳಿಸೋಕೆ ಹೋಗಿ ಎಂಬತ್ತು ಸಾವಿರಕ್ಕೆ ಕತ್ತು ಕೊಡ್ತೀವಿ. ಪರೀಕ್ಷೆಗೆ ಬೆಲೆ ಇಲ್ಲದ ಊರಲ್ಲಿ ಪರೀಕ್ಷೆ ಮಾಡೋರೂ ಇರಲ್ಲ.

ಹಾಗಂತ ಎಲ್ಲ ಹೊರೆ ಗ್ರಾಹಕರ ಮೇಲೆ ಹಾಕೋರನ್ನೂ ಬಿಡಲ್ಲ. "ನೀವು ಓಡಿಸೋ ರೀತಿ ಸರಿ ಇಲ್ಲ" ಅನ್ನೋ ಮಾತು ಕೇಳಿದೀರ ಅಲ್ವಾ? ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಪವರ್‌ಶಿಫ್ಟ್ ಡ್ಯುಯಲ್ ಕ್ಲಚ್ ಕಾರುಗಳು ನಡುಗ್ತಿದ್ದಾಗ ಎಷ್ಟೋ ಜನಕ್ಕೆ ಇದೇ ಉತ್ತರ ಸಿಕ್ಕಿತ್ತು. ಗೇರ್‌ಬಾಕ್ಸಲ್ಲೇ ದೋಷ ಇದೆ ಅಂತ ಕಂಪನಿಗೆ ಗೊತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೇಸ್ ಹಾಕ್ತು, 2018ರಲ್ಲಿ ಫೆಡರಲ್ ಕೋರ್ಟ್ ಫೋರ್ಡ್ ಆಸ್ಟ್ರೇಲಿಯಾಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕ್ತು. ಆದ್ದರಿಂದ "ನಿಮ್ಮ ಡ್ರೈವಿಂಗ್" ಅನ್ನೋ ಮಾತಿಗೂ ಸಾಕ್ಷಿ ಕೇಳಿ.

(8/8)

ಮುಂದಿನ ಸಲ ಯಾರಾದ್ರೂ "ಗೇರ್‌ಬಾಕ್ಸ್ ಹೋಯ್ತು" ಅಂದ್ರೆ ಈ ಐದು ಕೇಳಿ. ಜಗಳ ಬೇಡ, ಮರ್ಯಾದೆಯಿಂದಲೇ ಕೇಳಿ.

1. ಆಯಿಲ್ ಮಟ್ಟ, ಬಣ್ಣ, ವಾಸನೆ ನೋಡಿದ್ರಾ ಅಣ್ಣ? ನನಗೂ ತೋರಿಸಿ.
2. ಗೇರ್‌ಬಾಕ್ಸ್ ಕಂಪ್ಯೂಟರ್ ಒಳಗಿನ ಕೋಡ್ ಯಾವುದು? ಫೋಟೋ ತಗೋತೀನಿ.
3. ಬ್ಯಾಟರಿ, ಮೌಂಟ್, ಎಂಜಿನ್ ಮಿಸ್ಸಿಂಗ್ ಚೆಕ್ ಆಯ್ತಾ?
4. ಪ್ಯಾನ್ ಬಿಚ್ಚಿದ್ರಾ? ಒತ್ತಡ ಅಳೆದ್ರಾ?
5. ಎಸ್ಟಿಮೇಟ್ ಬರೆದು ಕೊಡ್ತೀರಾ? ಹಳೇ ಪಾರ್ಟ್ ವಾಪಸ್ ಕೊಡ್ತೀರಾ?

ಪರೀಕ್ಷೆಗೆ ಫೀಸ್ ಕೊಡ್ತೀನಿ ಅಂತ ಮೊದಲೇ ಹೇಳಿ. ಐದಕ್ಕೂ ಉತ್ತರ ಕೊಡೋ ಮೆಕ್ಯಾನಿಕ್ ಸಿಕ್ರೆ ನಂಬರ್ ಸೇವ್ ಮಾಡ್ಕೊಳ್ಳಿ, ಬಿಡಬೇಡಿ. ಸಿಡಿಮಿಡಿ ಅಂದ್ರೆ ಕೀ ತಗೊಂಡು ಬನ್ನಿ. ಮೋಸ ಆಗಿದೆ ಅನ್ನಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬರೆದು ಕೊಟ್ಟ ಎಸ್ಟಿಮೇಟ್, ಕೋಡ್ ಫೋಟೋ ಕೈಲಿದ್ರೆ ಮಾತಿಗೆ ತೂಕ ಬರುತ್ತೆ.

ನಮ್ಮ ಕ್ಲಾಸಿನವರಿಗೆ ಒಂದು ಮಾತು. ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಸರ್ವೀಸ್ ಸೆಂಟರ್ ಯೂನಿಫಾರ್ಮಲ್ಲಿ ಇರ್ತೀವಿ. ಟಾರ್ಗೆಟ್ ಇರುತ್ತೆ, ಮೇಲಿನವರು "ಬದಲಿಸು ಅನ್ನು, ಬಿಲ್ ಮಾಡು" ಅಂತಾರೆ. ಆವತ್ತು ಕೈಲಿ ಮೀಟರ್ ಹಿಡಿದು "ಸರ್, ಇನ್ನೂ ಟೆಸ್ಟ್ ಮುಗಿದಿಲ್ಲ" ಅನ್ನೋಕೆ ಧೈರ್ಯ ಇರಲಿ. ಎದುರಿಗೆ ಕೂತಿರೋರು ಯಾರದ್ದೋ ಮಂಡಿನೋವಿನ ಅಮ್ಮ.

ನಿಮ್ಮನೇ ಕಾರಿಗೆ ಯಾವ ಕೋಡ್ ಬಂದಿತ್ತು, ಏನು ಹೇಳಿದ್ರು, ಕೊನೆಗೆ ಏನಾಗಿತ್ತು, ಕಾಮೆಂಟಲ್ಲಿ ಬರೀರಿ. ಗ್ಯಾರೇಜ್ ಹೆಸರು ಬೇಡ, ರೋಗದ ಹೆಸರು ಸಾಕು.

#ಆಟೋಮ್ಯಾಟಿಕ್‌ಗೇರ್‌ಬಾಕ್ಸ್ #ಹಳೇಕಾರು #ಮೊದಲುಟೆಸ್ಟ್‌ಆಮೇಲೆಬಿಲ್ #ಕನ್ನಡದಲ್ಲಿಕಾರು